ಈಜು ಕನ್ನಡಕ ಮಬ್ಬಾದರೆ ಒಳಗೆ ಬೆರಳು ಹಾಕಬೇಡಿ

ಕೊಂಡು ಎರಡೇ ತಿಂಗಳಿಗೆ ಗಾಗಲ್ಸ್ ಮಬ್ಬಾಗುತ್ತಿದೆ, ಬೇರೆ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ.

ಮುಖದ ಬಿಸಿಗೆ ಒಳಗಿನ ಗಾಳಿಯಲ್ಲಿ ತೇವ ತುಂಬುತ್ತದೆ. ಹೊರಗಿನ ನೀರು ತಣ್ಣಗಿರುವುದರಿಂದ ಆ ತೇವ ಲೆನ್ಸ್ ಮೇಲೆ ಹನಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತುವಾಗ ಬಸ್ಸಿನ ಕಿಟಕಿ ಮಬ್ಬಾಗುವುದೂ ಹೀಗೇ ಅಲ್ವಾ. ಶಿವಮೊಗ್ಗದಲ್ಲಿ ಡಿಸೆಂಬರ್ ಬೆಳಗ್ಗೆ ಈಜುವವರಿಗಂತೂ ಕಾಟ ಜಾಸ್ತಿ.

ಹೊಸ ಗಾಗಲ್ಸಿನ ಒಳಗೆ ಸಾಮಾನ್ಯವಾಗಿ ತೆಳು ಲೇಪವಿರುತ್ತದೆ. ಅದು ನೀರನ್ನು ಹನಿಗಟ್ಟಲು ಬಿಡದೆ ಹರಡಿಬಿಡುತ್ತದೆ. ನಾನು ಪ್ರತಿ ಸುತ್ತಿಗೂ ನಿಂತು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ಆ ಲೇಪವನ್ನೇ ಕಿತ್ತುಹಾಕಿದ್ದೆ. ನೀವೂ ಅದನ್ನೇ ಮಾಡಿರಬೇಕು!

ಮಕ್ಕಳ ಶಾಂಪೂ ಒಂದು ಹನಿ, ನಾಲ್ಕೈದು ಹನಿ ನೀರು. ಬೆರಳು ತಾಗಿಸದೆ ಒಳಗೆ ಸುಮ್ನೆ ಓಡಾಡಿಸಿ, ಒಂದು ಸಲ ನೀರಲ್ಲಿ ಅದ್ದಿ ತೆಗೆಯಿರಿ. ತುಂಬ ತೊಳೆದರೆ ದಂಡ, ಕಡಿಮೆಯಾದರೆ ಕಣ್ಣುರಿ. ಶಾಂಪೂ ಇಲ್ಲದಿದ್ದರೆ ಎಂಜಲು. ಅಸಹ್ಯ ಅನಿಸಬಹುದು, ಆದರೆ ಕೆಲಸ ಮಾಡುತ್ತದೆ. ಹಾಕಿಕೊಳ್ಳುವ ಮುಂಚೆ ಮುಖಕ್ಕೂ ತಣ್ಣೀರು ಎರಚಿಕೊಳ್ಳಿ. ಟೂತ್‌ಪೇಸ್ಟ್ ಮಾತ್ರ ಬೇಡ, ಗೀರು ಬೀಳುತ್ತದೆ.

ಇನ್ನೊಂದು, ಒದ್ದೆಯಾಗಿದ್ದಾಗಲೇ ಡಬ್ಬಿಗೆ ಹಾಕಬೇಡಿ. ನಮ್ಮ ಮಳೆಗಾಲಕ್ಕೆ ವಾರದಲ್ಲೇ ಬೂಷ್ಟು ಹಿಡಿಯುತ್ತದೆ.