ಹೊಸಬರು ಕೃಷಿ ಪ್ರದರ್ಶನದಲ್ಲಿ ತರಕಾರಿ ಇಡಬಹುದಾ?

ಊರಿಗೆ ಬಂದು ಇನ್ನೂ ವರ್ಷ ಆಗಿಲ್ಲ, ಇಲ್ಲಿನ ಕೃಷಿ ಪ್ರದರ್ಶನದಲ್ಲಿ ಟೊಮೆಟೊ ಇಟ್ಟರೆ ಹಳಬರು ಏನಂದುಕೊಳ್ಳುತ್ತಾರೋ ಅಂತ ಕೇಳಿದ್ದೀರಿ. ಖಂಡಿತ ಇಡಿ. ಸಣ್ಣ ಊರಿನ ಪ್ರದರ್ಶನ ನಡೆಯುವುದೇ ಜನ ಏನಾದರೂ ತಂದಿಟ್ಟರೆ ಅಲ್ವಾ? ಮೇಜು ಖಾಲಿ ಉಳಿದರೆ ಎಲ್ಲರಿಗಿಂತ ಜಾಸ್ತಿ ಬೇಜಾರಾಗುವುದು ಆ ಹಳಬರಿಗೇ.

ಮೊದಲು ನಿಯಮಗಳನ್ನು ಸರಿಯಾಗಿ ಓದಿ. ಐದು ಟೊಮೆಟೊ ಅಂತ ಬರೆದಿದ್ದರೆ ಐದೇ ಇಡಬೇಕು. ದಪ್ಪಕ್ಕಿಂತ ಹೊಂದಿಕೆ ಮುಖ್ಯ: ಎಲ್ಲವೂ ಒಂದೇ ಗಾತ್ರ, ಒಂದೇ ಬಣ್ಣ, ಹಸಿರು ತೊಟ್ಟು ಹಾಗೇ ಇರಲಿ. ತೀರ್ಪುಗಾರರು ನೋಡುವಾಗ ಸಾಮಾನ್ಯವಾಗಿ ಹೆಸರಿನ ಚೀಟಿ ಮುಚ್ಚಿರುತ್ತಾರೆ, ಹಾಗಾಗಿ ಆ ಚಿಂತೆ ಬೇಡ.

ನಾನು ಮೊದಲ ಸಲ ಬಟಾಣಿ ಕಾಯಿ ಇಟ್ಟಾಗ ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸುತ್ತಾ ನಿಂತಿದ್ದೆ. ಪಕ್ಕದ ಅಜ್ಜ ಮೆಲ್ಲಗೆ ಕೈ ಹಿಡಿದು ತಡೆದರು. ಕಾಯಿ ಮೇಲೆ ಬೂದಿಯ ಹಾಗೆ ತೆಳ್ಳಗೆ ಕಾಣುತ್ತಲ್ಲ, ಅದನ್ನು ಅಳಿಸಬಾರದಂತೆ. ತೊಟ್ಟು ಹಿಡಿದೇ ಎತ್ತಬೇಕಂತೆ. ಆಮೇಲೆ ನನ್ನ ಬುಟ್ಟಿ ಪಕ್ಕ ಕೂತು, ಒರೆಸದೇ ಉಳಿದ ಕಾಯಿಗಳಲ್ಲಿ ಒಳ್ಳೆಯವನ್ನು ಆರಿಸಿಕೊಟ್ಟರು. ಅವರ ಬಟಾಣಿಯೂ ಅದೇ ಸ್ಪರ್ಧೆಯಲ್ಲಿತ್ತು! ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಇನ್ನೊಂದು ಮಾತು, ಪ್ರದರ್ಶನದ ಹಿಂದಿನ ದಿನ ಸಂಜೆಯೇ ಹೋಗಿ. ಮೇಜು ಹೊರಲು, ಬಟ್ಟೆ ಹಾಸಲು, ದನಗಳ ಕಡೆ ಹಗ್ಗ ಕಟ್ಟಲು ಯಾವಾಗಲೂ ಜನ ಸಾಲುವುದಿಲ್ಲ. ಯಾರಾದರೂ ಕರೆಯಲಿ ಅಂತ ಸುಮ್ನೆ ಕಾಯಬೇಡಿ, ಮೇಜಿನ ಇನ್ನೊಂದು ತುದಿ ಹಿಡಿದುಬಿಡಿ. ಬೆಳಿಗ್ಗೆ ಟೊಮೆಟೊ ತರುವಷ್ಟರಲ್ಲಿ ನಾಲ್ಕು ಜನ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿರುತ್ತಾರೆ.