ಫ್ಲಾರೆನ್ಸ್ ಆಮೇಲೆ, ಈ ಸಲ ತಾರಾಂತೋದಲ್ಲೇ ಇರು

ತಮ್ಮಾ, ನಿನ್ನ ಪ್ರಶ್ನೆಗಳನ್ನೆಲ್ಲ ಓದಿದೆ. ದಕ್ಷಿಣ ಇಟಲಿಯ ಈ ಬಂದರು ಊರು ತಾರಾಂತೋಗೆ ಓದೋಕೆ ಬಂದು ಇನ್ನೂ ಹೊಸದು, ಅಷ್ಟರಲ್ಲಿ ಈಸ್ಟರ್ ವಾರ ಬಂತು. ರೂಮ್‌ಮೇಟ್‌ಗಳು ಫ್ಲಾರೆನ್ಸಿಗೆ ಹೋಗಿ ಪಟಾಕಿ ತುಂಬಿದ ಗಾಡಿ ಸಿಡಿಸೋದು ನೋಡೋಣ ಅಂತಿದ್ದಾರೆ. ಮನೆ ಓನರ್ ಅಜ್ಜಿ ಭಾನುವಾರ ಊಟಕ್ಕೆ ಕರೆದಿದ್ದಾರೆ. ಈ ನಡುವೆ ಫೋನಿನಲ್ಲಿ ಬಿಳಿ ಮುಸುಕಿನವರ ಮೆರವಣಿಗೆ ನೋಡಿ ನಿನ್ನೆದೆ ಝಲ್ ಅಂದಿದೆ. ಹಿಂದೂ ಹುಡುಗ ಅಲ್ಲಿಗೆ ಹೋಗಬಹುದಾ, ಹೋದರೆ ಎಲ್ಲಿ ನಿಲ್ಲಬೇಕು, ಏನು ತಿನ್ನಬಹುದು, ರಜ ಯಾವತ್ತು. ಇಷ್ಟು ತಾನೇ?

ಫ್ಲಾರೆನ್ಸ್ ಎಲ್ಲೂ ಓಡಿಹೋಗಲ್ಲ. ಇಟಲಿಯ ದಕ್ಷಿಣದಲ್ಲಿ ಈಸ್ಟರ್ ಅಂದರೆ ಏಸು ಎದ್ದುಬಂದ ಭಾನುವಾರಕ್ಕಿಂತ ಹೆಚ್ಚಾಗಿ ಅವನ ಸಾವನ್ನು ನೆನೆಯೋ ಗುರುವಾರ, ಶುಕ್ರವಾರ. ಅದರಲ್ಲೂ ನೀನಿರೋದು ತಾರಾಂತೋದಲ್ಲಿ. ಇಲ್ಲಿನ ಮೆರವಣಿಗೆ ನೋಡೋಕೆ ಅಂತಲೇ ದೂರದ ಊರುಗಳಿಂದ ಜನ ಬರ್ತಾರೆ, ಮಿಲಾನಿಗೋ ಜರ್ಮನಿಗೋ ಕೆಲಸಕ್ಕೆ ಹೋದ ಈ ಊರಿನ ಮಕ್ಕಳು ಕ್ರಿಸ್‌ಮಸ್ಸಿಗೆ ಬರದಿದ್ದರೂ ಈ ವಾರಕ್ಕೆ ಬರ್ತಾರೆ. ಮನೆ ಬಾಗಿಲಲ್ಲಿ ಇರೋದನ್ನು ಬಿಟ್ಟು ನೀನು ರೈಲು ಹತ್ತಿದರೆ ನನಗೆ ಬೇಜಾರು.

ಮೊದಲು ಆ ಮುಸುಕಿನ ವಿಷಯ. ಅಮೆರಿಕದ ಸಿನಿಮಾ ನೋಡಿ ಬೆಳೆದ ಕಣ್ಣು ನಮ್ಮದು, ಅದಕ್ಕೇ ಗಾಬರಿ. ಕಪ್ಪು ಜನರ ಮೇಲೆ ದಾಳಿ ಮಾಡ್ತಿದ್ದ ಅಲ್ಲಿನ ಬಿಳಿ ಮುಸುಕಿನ ಗುಂಪು ಕು ಕ್ಲಕ್ಸ್ ಕ್ಲಾನ್‌ಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಇವರು ಕಾರ್ಮಿನೆ ಚರ್ಚಿನ ಸಂಘದವರು, ಊರಲ್ಲಿ ಪೆರ್ದೋನಿ ಅಂತ ಕರೀತಾರೆ. ಉದ್ದ ಬಿಳಿ ನಿಲುವಂಗಿ, ಕಣ್ಣಿಗೆ ಎರಡು ತೂತಿರೋ ಮುಸುಕು, ಅದರ ಮೇಲೆ ಕಪ್ಪು ಹ್ಯಾಟು, ಸೊಂಟಕ್ಕೆ ಜಪಮಾಲೆ, ಕೈಯಲ್ಲಿ ಕೋಲು, ಬರಿಗಾಲು. ಪ್ರಾಯಶ್ಚಿತ್ತ ಮಾಡೋನು ಯಾರು ಅಂತ ಜನಕ್ಕೆ ಗೊತ್ತಾಗಬಾರದು ಅನ್ನೋದಕ್ಕೆ ಮುಖ ಮುಚ್ಚೋದು. ಉಳಿದ ದಿನಗಳಲ್ಲಿ ಅವನು ಉಕ್ಕಿನ ಕಾರ್ಖಾನೆಯವನೋ, ನೌಕಾನೆಲೆಯ ಗುಮಾಸ್ತನೋ, ನಿನ್ನ ಬೀದಿಯ ಕಟಿಂಗ್ ಶಾಪಿನವನೋ ಆಗಿರಬಹುದು.

ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಅವರು ಇಬ್ಬಿಬ್ಬರಾಗಿ ಕಾರ್ಮಿನೆ ಚರ್ಚಿನಿಂದ ಹೊರಡ್ತಾರೆ, ಊರಿನ ಒಂದೊಂದೇ ಚರ್ಚಿಗೆ ಹೋಗಿ ಮಂಡಿಯೂರಿ ಬರ್ತಾರೆ. ಹೊರಡೋದು ಅಂದೆ, ಆದರೆ ಅದು ನಡಿಗೆ ಅಲ್ಲವೇ ಅಲ್ಲ. ಭುಜಕ್ಕೆ ಭುಜ ತಾಗಿಸಿಕೊಂಡು ಇಬ್ಬರೂ ಒಟ್ಟಿಗೆ ಎಡಕ್ಕೆ ವಾಲಿ, ಆಮೇಲೆ ಬಲಕ್ಕೆ ವಾಲಿ, ಅಷ್ಟಾದ ಮೇಲೆ ಪಾದ ಒಂದು ಗೇಣು ಮುಂದೆ ಜರುಗುತ್ತೆ. ಈ ತೂಗಾಟಕ್ಕೆ ಇಲ್ಲಿ ನಾತ್ಸಿಕಾತ ಅಂತಾರೆ. ನೀನು ಎರಡು ನಿಮಿಷದಲ್ಲಿ ದಾಟೋ ಬೀದಿ ಅವರಿಗೆ ಗಂಟೆಗಟ್ಟಲೆಯ ಕೆಲಸ. ಎರಡು ಜೋಡಿ ಎದುರುಬದುರಾದರೆ ಗಮನಿಸು: ಹ್ಯಾಟು ತೆಗೆದು, ಜಪಮಾಲೆ ಎದೆಗೊತ್ತಿ ಒಬ್ಬರಿಗೊಬ್ಬರು ವಂದಿಸ್ತಾರೆ, ಮಾತಿಲ್ಲ. ನಾಲ್ಕು ವರ್ಷದ ಮಕ್ಕಳು ಫುಟ್‌ಪಾತಿನಲ್ಲಿ ನಿಂತು ಅದೇ ತೂಗಾಟ ಅಭ್ಯಾಸ ಮಾಡ್ತಿರ್ತಾರೆ, ನನಗೆ ಅದೇ ಹೆಚ್ಚು ಇಷ್ಟ.

ಅದೇ ಗುರುವಾರ ನಡುರಾತ್ರಿ ಹಳೇ ಊರಿನ ಸಾನ್ ದೊಮೆನಿಕೊ ಚರ್ಚಿನ ಬಾಗಿಲು ತೆರೆದು ಅದ್ದೊಲೊರಾತ, ಅಂದರೆ ಶೋಕದ ಮೇರಿಯಮ್ಮ, ಮೆಟ್ಟಿಲಿಳಿದು ಬರ್ತಾಳೆ. ಮೈತುಂಬ ಕಪ್ಪು ಬಟ್ಟೆ, ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಕಠಾರಿ ಚುಚ್ಚಿದ ಹೃದಯ. ಮಗನನ್ನು ಹುಡುಕಿಕೊಂಡು ತಾಯಿ ರಾತ್ರಿಯೆಲ್ಲ ಬೀದಿ ಅಲೆಯುತ್ತಾಳೆ ಅನ್ನೋ ಭಾವ. ಈಸ್ಟರ್ ಲೆಕ್ಕ ಚಂದ್ರನದ್ದು, ವಸಂತದ ಹುಣ್ಣಿಮೆ ಕಳೆದ ಮೇಲಿನ ಭಾನುವಾರ. ಹಾಗಾಗಿ 2025ರಲ್ಲಿ ಏಪ್ರಿಲ್ 20ಕ್ಕೆ ಬಂದಿದ್ದು 2026ರಲ್ಲಿ ಏಪ್ರಿಲ್ 5ಕ್ಕೆ. ಯಾವ ವರ್ಷವಾದರೂ ಈ ರಾತ್ರಿ ಹುಣ್ಣಿಮೆಯ ಆಸುಪಾಸೇ. ಚರ್ಚಿನ ಮುಂದಿನ ಇಕ್ಕಟ್ಟಿನಲ್ಲಿ ಜಾಗ ಹಿಡೀಬೇಕು ಅಂದರೆ ಬಹಳ ಮುಂಚೆ ಹೋಗಿ ನಿಲ್ಲಬೇಕು. ಅಷ್ಟು ಕಷ್ಟ ಬೇಡ ಅನ್ನಿಸಿದರೆ ಮಲಗಿ ಎದ್ದು ಶುಕ್ರವಾರ ಬೆಳಗಿನ ಜಾವ ಹೊಸ ಊರಿನ ಕಡೆ ಬಾ. ಅಷ್ಟೊತ್ತಿಗೆ ಅವಳು ಹಳೇ ಊರು, ಹೊಸ ಊರನ್ನು ಸೇರಿಸೋ ತಿರುಗುಸೇತುವೆ ದಾಟಿ ಈಚೆ ಬಂದಿರ್ತಾಳೆ, ಜನ ತೆಳುವಾಗಿರ್ತಾರೆ, ಹತ್ತಿರದಿಂದ ನೋಡಬಹುದು. ವಾಪಸ್ ಗುಡಿ ಸೇರೋದು ಮಧ್ಯಾಹ್ನ.

ಶುಕ್ರವಾರ ಸಂಜೆ ಐದಕ್ಕೆ ಮಿಸ್ತೇರಿ ಮೆರವಣಿಗೆ. ಏಸುವಿನ ಕೊನೆಯ ಗಂಟೆಗಳನ್ನು ತೋರಿಸೋ ಎಂಟು ಮೂರ್ತಿಗಳು ಹೆಗಲ ಮೇಲೆ ಬರ್ತವೆ, ಹಿಂದೆ ಬ್ಯಾಂಡಿನವರು ಶೋಕದ ಮಾರ್ಚ್ ನುಡಿಸ್ತಾರೆ. ಎಲ್ಲಕ್ಕಿಂತ ಮುಂದೆ ಇರೋನ ಕೈಯಲ್ಲಿ ತ್ರೊಕ್ಕೊಲ: ಮರದ ಹಲಗೆಗೆ ಕಬ್ಬಿಣದ ಹಿಡಿಗಳು, ಅಲ್ಲಾಡಿಸಿದರೆ ಕಟಕಟ ಸದ್ದು. ಗುರುವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಚರ್ಚಿನ ಗಂಟೆ ಬಾರಿಸೋ ಹಾಗಿಲ್ಲ, ಅದರ ಬದಲಿಗೆ ಇದು. ರಾತ್ರಿಯಿಡೀ ನಡೆದು ಶನಿವಾರ ಬೆಳಿಗ್ಗೆ ಅವನು ಕಾರ್ಮಿನೆ ಚರ್ಚಿನ ಮುಚ್ಚಿದ ಬಾಗಿಲಿಗೆ ಕೋಲಿನಿಂದ ಮೂರು ಸಲ ಬಡಿದಾಗ ಮುಗೀತು. ಸ್ಪೇನಿನವರು ಈ ಸೀಮೆ ಆಳ್ತಿದ್ದ ಕಾಲದಲ್ಲಿ ಕಲೊ ಅನ್ನೋ ದೊಡ್ಡ ಮನೆತನ ನೇಪಲ್ಸಿನಲ್ಲಿ ಮೂರ್ತಿ ಮಾಡಿಸಿ ತಂದು ಶುರುಮಾಡಿದ್ದು ಇದು. 1765ರಲ್ಲಿ ಆ ಮನೆಯವರು ಮೂರ್ತಿಗಳನ್ನು ಕಾರ್ಮಿನೆ ಸಂಘಕ್ಕೆ ಒಪ್ಪಿಸಿದರು.

ಮೂರ್ತಿ ಹೊರೋ ಹಕ್ಕು ಯಾರಿಗೆ ಗೊತ್ತಾ? ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ ಸಂಘದೊಳಗೆ ಹರಾಜು ಕೂಗ್ತಾರೆ, ಸಾವಿರಾರು ಯೂರೋಗಳ ಮಾತು. ದೇವರ ಸೇವೆಗೂ ದುಡ್ಡಾ ಅಂತ ಇಲ್ಲಿಯವರೇ ಎಷ್ಟೋ ಜನ ಗೊಣಗ್ತಾರೆ, ನನಗೂ ಅದು ಅಷ್ಟು ರುಚಿಸಲ್ಲ. ಆದರೆ ನೀನು ಚಿತ್ರದುರ್ಗದವನು. ನಾಯಕನಹಟ್ಟಿ ತೇರಿನಲ್ಲಿ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗೋದು ಗೊತ್ತಿರೋ ನಿನಗೆ ನಾನೇನು ಬಿಡಿಸಿ ಹೇಳಬೇಕಾಗಿಲ್ಲ.

ಹೋಗೋಕೆ ಯಾರ ಅಪ್ಪಣೆಯೂ ಬೇಡ. ನಿನ್ನ ಜಾತಿ ಧರ್ಮ ಯಾರೂ ಕೇಳಲ್ಲ. ಚರ್ಚಿನೊಳಗೆ ಹೋಗೋದಿದ್ದರೆ ಚಡ್ಡಿ ಬೇಡ. ಸಾಲಿನ ನಡುವೆ ನುಗ್ಗಿ ಆಚೆ ದಾಟಬೇಡ, ಮುಸುಕಿನವರ ಮುಖಕ್ಕೆ ಫ್ಲ್ಯಾಶ್ ಹೊಡೀಬೇಡ. ಮೂರ್ತಿ ಬಂದಾಗ ಪಕ್ಕದವರು ಶಿಲುಬೆ ಗುರುತು ಹಾಕಿಕೊಳ್ತಾರೆ, ನೀನು ಸುಮ್ಮನೆ ನಿಂತರೂ ಸರಿ, ಕೈಮುಗಿದರೂ ಸರಿ. ಜಾಕೆಟ್ ಮರೀಬೇಡ, ರಾತ್ರಿ ಸಮುದ್ರದ ಗಾಳಿ ಮೂಳೆಗೆ ಇಳಿಯುತ್ತೆ. ಪೇಟೆಯಲ್ಲಿ ವಾಹನ ಬಿಡಲ್ಲ, ಬಸ್ಸಿನ ದಾರಿ ಬದಲಾಗಿರುತ್ತೆ, ನಡೆದೇ ಬಾ.

ರಜದ ಬಗ್ಗೆ ಹೊಸಬರೆಲ್ಲ ಎಡವೋದು ಇಲ್ಲೇ. ನಮ್ಮಲ್ಲಿ ಶುಭ ಶುಕ್ರವಾರ ಸರ್ಕಾರಿ ರಜ, ಪೋಪ್ ಇರೋ ದೇಶದಲ್ಲಿ ಅಲ್ಲ! ಇಲ್ಲಿ ರಜ ಭಾನುವಾರ ಮತ್ತು ಅದರ ಮರುದಿನ ಸೋಮವಾರ. ಕಾಲೇಜಿನವರು ಪಾಠ ಯಾವಾಗ ನಿಲ್ಲಿಸ್ತಾರೆ ಅಂತ ನೋಟಿಸ್ ನೋಡಿಕೋ. ತರಕಾರಿ, ಹಾಲು ಶನಿವಾರವೇ ತಂದಿಟ್ಟುಕೋ.

ಫ್ಲಾರೆನ್ಸಿನದನ್ನೂ ಹೇಳಿಬಿಡ್ತೀನಿ. ಬಿಳಿ ಎತ್ತುಗಳು ಎತ್ತರದ ಗಾಡಿಯನ್ನು ಕೆಥೆಡ್ರಲ್ ಮುಂದೆ ಎಳೆದು ತರ್ತವೆ. ಭಾನುವಾರ ಪೂಜೆಯ ನಡುವೆ ಪಾರಿವಾಳದ ಆಕಾರದ ಬಾಣ ತಂತಿಯ ಮೇಲೆ ಒಳಗಿಂದ ಹೊರಕ್ಕೆ ಹಾರಿ ಗಾಡಿಗೆ ಬೆಂಕಿ ತಗಲಿಸುತ್ತೆ, ಪಟಾಕಿ ಸಿಡಿಯುತ್ತೆ. ಎಲ್ಲ ಸುಸೂತ್ರವಾದರೆ ಆ ವರ್ಷ ಬೆಳೆ ಚೆನ್ನ ಅಂತ ನಂಬಿಕೆ. ಚೆಂದವೇ, ಆದರೆ ಊಟದ ಹೊತ್ತಿಗೆ ಮುಗಿದುಹೋಗುತ್ತೆ, ಆ ವಾರ ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತೆ. ಮುಂದಿನ ವರ್ಷ ತಿರುಗೋ ಆಸೆ ಇದ್ದರೆ ಸಿಸಿಲಿಯ ತ್ರಾಪಾನಿಗೆ ಹೋಗು, ಅಲ್ಲಿ ಶುಕ್ರವಾರ ಮಧ್ಯಾಹ್ನ ಹೊರಟ ಇಪ್ಪತ್ತು ಮೂರ್ತಿಗಳು ಗುಡಿ ಸೇರೋದು ಶನಿವಾರ ಮಧ್ಯಾಹ್ನಕ್ಕೆ. ಇಲ್ಲವೇ ಅಬ್ರುತ್ಸೊ ಪ್ರಾಂತ್ಯದ ಸುಲ್ಮೋನಗೆ. ಅಲ್ಲಿ ಭಾನುವಾರ ಚೌಕದಲ್ಲಿ ಮಗ ಎದ್ದುಬಂದಿದ್ದನ್ನು ಕಂಡ ಮೇರಿಯ ಕಪ್ಪು ಹೊದಿಕೆ ಕಳಚಿಬಿದ್ದು ಒಳಗಿನ ಹಸಿರುಡುಗೆ ಕಾಣುತ್ತೆ, ಪಾರಿವಾಳ ಹಾರ್ತವೆ, ಹೊತ್ತವರು ಮೂರ್ತಿಸಮೇತ ಓಟ ಕೀಳ್ತಾರೆ.

ಇನ್ನು ಅಜ್ಜಿ ಮನೆ ಊಟ. ಖಂಡಿತ ಹೋಗು. ಸಸ್ಯಾಹಾರಿ ಅಂತ ಈ ವಾರವೇ ಹೇಳಿಬಿಡು, ಊಟಕ್ಕೆ ಕೂತ ಮೇಲೆ ಹೇಳಿದರೆ ಪಾಪ ಅವರಿಗೆ ಸಂಕಟ. ಶುಕ್ರವಾರ ಇವರು ಮಾಂಸ ಮುಟ್ಟಲ್ಲ, ಆದರೆ ಮೀನು ಮಾಂಸದ ಲೆಕ್ಕಕ್ಕೆ ಬರಲ್ಲ. ಭಾನುವಾರವಂತೂ ಕುರಿಮರಿ ಮಾಂಸ ಇದ್ದೇ ಇರುತ್ತೆ. ಓವನ್ನಿನಲ್ಲಿ ಬೇಯಿಸಿದ ಪಾಸ್ತಾ ನೋಡೋಕೆ ಸಾಧುವಾಗಿ ಕಾಣುತ್ತೆ, ಒಳಗೆ ಗೋಲಿ ಗಾತ್ರದ ಮಾಂಸದ ಉಂಡೆ ಅಡಗಿರುತ್ತೆ, ಕೇಳಿಕೊಂಡೇ ಬಾಯಿಗಿಡು. ಸ್ಕರ್ಚೆಲ್ಲ ಅನ್ನೋ ಬಿಸ್ಕತ್ತಿನ ಮೇಲೆ ಚಿಪ್ಪಿನ ಸಮೇತ ಇಡೀ ಮೊಟ್ಟೆ ಕೂರಿಸಿರ್ತಾರೆ, ಅದಾದರೂ ಕಣ್ಣಿಗೆ ಕಾಣುತ್ತೆ. ಹಳೇ ಪದ್ಧತಿಯ ತಿಂಡಿಗಳಲ್ಲಿ ಬೆಣ್ಣೆ ಬದಲು ಹಂದಿ ಕೊಬ್ಬು ಹಾಕೋದುಂಟು, ಅದರ ಹೆಸರು ಸ್ತ್ರುತ್ತೊ, ಈ ಪದ ನೆನಪಿರಲಿ.

ಬರಿಗೈಲಿ ಹೋಗಬೇಡ. ಬಾದಾಮಿ, ಸಕ್ಕರೆ ಹೊದಿಸಿದ ಪಾರಿವಾಳದಾಕಾರದ ಕೊಲೊಂಬ ಕೇಕು ಎಲ್ಲ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತೆ. ಮೊಮ್ಮಕ್ಕಳಿದ್ದರೆ ಒಳಗೆ ಆಟಿಕೆ ಇರೋ ಚಾಕೊಲೇಟ್ ಮೊಟ್ಟೆ ತಗೋ. ಹೂ ಕೊಡೋ ಮನಸ್ಸಿದ್ದರೆ ಕೊಡು, ಆದರೆ ಸೇವಂತಿಗೆ ಮಾತ್ರ ಬೇಡ, ಇಲ್ಲಿ ಅದು ಸಮಾಧಿಗೆ ಇಡೋ ಹೂವು. ಊಟ ಒಂದು ಗಂಟೆಗೆ ಅಂದರೆ ಏಳೋದು ನಾಲ್ಕಕ್ಕೆ, ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡ. ಸೋಮವಾರ ಪಾಸ್ಕ್ವೆತ್ತ, ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಸಮುದ್ರದ ದಂಡೆಗೋ ತೋಟಕ್ಕೋ ಹೋಗಿರುತ್ತೆ. ನಮ್ಮ ಮನೆಯವರೂ ಹೊರಡ್ತೀವಿ, ಕಾರಿನಲ್ಲಿ ಒಂದು ಸೀಟಿದೆ. ಚಿತ್ರಾನ್ನ ನಾನು ತರ್ತೀನಿ, ಉಪ್ಪಿನಕಾಯಿ ಉಳಿದಿದ್ದರೆ ನೀನು ತಾ.