ನಿದ್ದೆ ಬರಲಿಲ್ಲವೆಂದು ಇನ್ನಷ್ಟು ಬೇಗ ಮಲಗಬೇಡಿ

ಪ್ರಶ್ನೆ: ಎಂಟು ತಿಂಗಳಿಂದ ಸರಿಯಾದ ನಿದ್ದೆಯಿಲ್ಲ. ರಾತ್ರಿ 9ಕ್ಕೇ ಮಲಗಿ ಬೆಳಿಗ್ಗೆ 7ರವರೆಗೆ ಹಾಸಿಗೆಯಲ್ಲೇ ಇದ್ದರೂ ಬರುವ ನಿದ್ದೆ ಐದೂವರೆ ಗಂಟೆ. ಇನ್ನೂ ಬೇಗ ಮಲಗಬೇಕೇ?

ಉತ್ತರ: ಬೇಡ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಏಕೆಂದರೆ ‘ಬೇಗ ಮಲಗಿ’ ಎಂದು ಹೇಳುವವರು ಎಲ್ಲ ಮನೆಗಳಲ್ಲೂ ಇದ್ದಾರೆ. ನಿಮ್ಮ ನಿದ್ರಾಹೀನತೆ ಯಾವುದೋ ಚಿಂತೆಯಿಂದ ಆರಂಭವಾಗಿರಬಹುದು, ಆದರೆ ಇಂದು ಅದನ್ನು ಸಾಕುತ್ತಿರುವುದು ಹಾಸಿಗೆಯ ಮೇಲಿನ ಆ ಹತ್ತು ಗಂಟೆ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಶೇಖರವಾಗಿ ನಿದ್ದೆಯ ಒತ್ತಡ ಏರುತ್ತದೆ. ಅದು ಏರುವ ಮೊದಲೇ ಮಲಗಿದರೆ ಹೊರಳಾಟವೇ ಗತಿ. ತಿಂಗಳುಗಟ್ಟಲೆ ಹೊರಳಾಡಿದ ಮೇಲೆ ದಿಂಬು ಕಂಡರೇ ಮನಸ್ಸು ಎಚ್ಚೆತ್ತುಕೊಳ್ಳುತ್ತದೆ. ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ಹಾಸಿಗೆಗೆ ಹೋದೊಡನೆ ಕಣ್ಣು ಬಿಡುವುದು ಇದಕ್ಕೇ.

ನಿದ್ರಾ ಸಂಶೋಧಕ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ, ಹಾಸಿಗೆಯಲ್ಲಿರುವ ಸಮಯವನ್ನೇ ಕಡಿತಗೊಳಿಸುವ ವಿಧಾನ ಇದಕ್ಕೆ ತಕ್ಕದ್ದು. ಎರಡು ವಾರ ನಿದ್ದೆಯ ಲೆಕ್ಕ ಬರೆದಿಡಿ. ಸರಾಸರಿ ಐದೂವರೆ ಗಂಟೆಯೇ ಆದರೆ ಹಾಸಿಗೆಗೆ ಕೊಡುವ ಸಮಯ ಆರು ಗಂಟೆ ಮಾತ್ರ. ಬೆಳಿಗ್ಗೆ 6ಕ್ಕೆ ಏಳುವುದಾದರೆ ರಾತ್ರಿ 12ಕ್ಕೆ ಮೊದಲು ಮಲಗುವಂತಿಲ್ಲ. ರಜೆಯ ದಿನವೂ ಅದೇ ಹೊತ್ತಿಗೆ ಏಳಬೇಕು, ಹಗಲು ಮಲಗಬಾರದು. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತಿಲ್ಲ ಎನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ. ಕಣ್ಣು ಎಳೆದಾಗಷ್ಟೇ ಮರಳಿ ಬನ್ನಿ. ಗಡಿಯಾರವನ್ನು ಕೋಣೆಯಿಂದ ಹೊರಗಿಡಿ, ನಿಮಿಷ ಎಣಿಸುವುದೂ ಒಂದು ಎಚ್ಚರವೇ. ಹಾಸಿಗೆಯಲ್ಲಿ ಕಳೆದ ಸಮಯದ ಶೇ 85ರಷ್ಟಾದರೂ ನಿದ್ದೆ ಬಂದ ವಾರದ ಕೊನೆಗೆ ಹಾಸಿಗೆಯ ಸಮಯಕ್ಕೆ 15 ನಿಮಿಷ ಸೇರಿಸಿಕೊಳ್ಳಿ.

ಮೊದಲ ಒಂದೆರಡು ವಾರ ಹಗಲು ಮಂಪರು ಕವಿಯುತ್ತದೆ. ಬಹಳಷ್ಟು ಜನ ಕೈಬಿಡುವುದು ಆಗಲೇ, ನನಗೆ ತೀರ ಬೇಸರವಾಗುವುದೂ ಆಗಲೇ. ಆದರೆ ಆ ದಿನಗಳಲ್ಲಿ ವಾಹನ ಓಡಿಸಬೇಡಿ. ಹಾಸಿಗೆಯ ಸಮಯವನ್ನು ಐದೂವರೆ ಗಂಟೆಗಿಂತ ಕೆಳಕ್ಕೆ ನಾನು ಯಾರಿಗೂ ಇಳಿಸುವುದಿಲ್ಲ. ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆ ಇರುವವರು ವೈದ್ಯರಿಲ್ಲದೆ ಇದಕ್ಕೆ ಕೈಹಾಕಲೇಬಾರದು. ನಿದ್ದೆ ಕಡಿತ ಅವರಲ್ಲಿ ಸೆಳವನ್ನೋ ಉನ್ಮಾದವನ್ನೋ ಕೆರಳಿಸಬಹುದು.

ಪ್ರಶ್ನೆ: ಮಲಗುವ ಮುನ್ನ ಸ್ವಲ್ಪ ಮದ್ಯ ಕುಡಿದರೆ?

ಉತ್ತರ: ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ಬೇಡ.

ಪ್ರಶ್ನೆ: ಏಳು ದಿನದಲ್ಲಿ ನಿದ್ರಾಹೀನತೆ ಬೇರುಸಹಿತ ಹೋಗುತ್ತದೆಂದು ಒಬ್ಬರು ಪುಡಿ ಕೊಟ್ಟಿದ್ದಾರೆ. ಒಳಗೆ ಏನಿದೆ ಎಂದು ಬರೆದಿಲ್ಲ.

ಉತ್ತರ: ಒಳಗೆ ಏನಿದೆ ಎಂದು ಹೇಳದವರ ಕೈಯಿಂದ ಏನನ್ನೂ ನುಂಗಬೇಡಿ. ಇಂಥವರು ನಿದ್ದೆಗೆಟ್ಟವರ ಹತಾಶೆಯನ್ನೇ ಬಂಡವಾಳ ಮಾಡಿಕೊಂಡಿದ್ದಾರೆ, ಇವರ ಮೇಲೆ ನನಗೆ ತಡೆಯಲಾಗದ ಸಿಟ್ಟಿದೆ.

ಪ್ರಶ್ನೆ: ತಾಯಿಗೆ 71 ವರ್ಷ. ನಾಲ್ಕು ವರ್ಷದಿಂದ ದಿನವೂ ಆತಂಕ ತಗ್ಗಿಸಿ ನಿದ್ದೆ ತರಿಸುವ ಅಲ್ಪ್ರಜೋಲಮ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಇಂದೇ ನಿಲ್ಲಿಸಿಬಿಡಲೇ?

ಉತ್ತರ: ಖಂಡಿತ ಬೇಡ. ವಯಸ್ಸಾದವರು ಈ ಮಾತ್ರೆಯಿಂದ ರಾತ್ರಿ ಎದ್ದಾಗ ಜೋಲಿ ಹೊಡೆದು ಬೀಳಬಹುದು, ಮರೆವೂ ಹೆಚ್ಚಬಹುದು. ಹಾಗೆಂದು ಒಮ್ಮೆಲೇ ನಿಲ್ಲಿಸಿದರೆ ನಡುಕ, ತಳಮಳ, ಸೆಳವಿನವರೆಗೂ ಹೋಗಬಹುದು. ಬರೆದುಕೊಟ್ಟ ವೈದ್ಯರನ್ನು ಈ ವಾರವೇ ಕಂಡು, ತಿಂಗಳುಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವೇ ಇಳಿಸುವ ವೇಳಾಪಟ್ಟಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡಿ, ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪ ಉರಿಯುತ್ತಿರಲಿ.